ಹೋಗುವಾಗ ಇಳಿಜಾರು, ಬರುವಾಗ ಏರು: ಬೇಸಿಗೆಯ ಘಾಟಿ ಪ್ರಯಾಣಕ್ಕೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಹೊರಟಿದ್ದೇವೆ. ಕಾರಿಗೆ ಆರು ವರ್ಷ. ಎಂಜಿನ್ ಆಯಿಲ್ ಬದಲಿಸಿಯಾಗಿದೆ. ಇನ್ನೇನು ನೋಡಿಸಬೇಕು?
– ಓದುಗರು, ಬೆಳಗಾವಿ

ಉತ್ತರ: ಮೊದಲು ಬ್ರೇಕ್ ಆಯಿಲ್. ಘಾಟಿ ಎಂದಕೂಡಲೇ ಗಾಡಿ ಏರು ಎಳೆಯುತ್ತದೋ ಇಲ್ಲವೋ ಎಂಬ ಚಿಂತೆ ಎಲ್ಲರಿಗೂ. ಆದರೆ ಬೆಳಗಾವಿ ಇರುವುದೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಚೋರ್ಲಾ, ಅಂಬೋಲಿ, ಅನಮೋಡ, ಯಾವ ದಾರಿ ಹಿಡಿದರೂ ಕರಾವಳಿಗೆ ಹೋಗುವಾಗ ಇಳಿಯಬೇಕು, ಬರುವಾಗ ಏರಬೇಕು. ಹೋಗುವ ದಿನ ಪರೀಕ್ಷೆ ಬ್ರೇಕಿಗೆ, ಬರುವ ದಿನ ಎಂಜಿನ್ನಿಗೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು ಎಂಬುದು ಲೆಕ್ಕ. ತೇವ ಸೇರಿದಾಗ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನುದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟೇ ಇಳಿದರೆ ಚಕ್ರದ ಕಡೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತವೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಆಗ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆಯಿಲ್ ಹಾಕಿ ಎರಡು ವರ್ಷ ದಾಟಿದ್ದರೆ ನಾಲ್ಕೂ ಚಕ್ರಗಳಿಂದ ಹಳೆಯದನ್ನು ಪೂರ್ತಿ ಹೊರತೆಗೆಸಿ. ಡಬ್ಬಿಯಲ್ಲಿ ಮೇಲಿಂದ ಒಂದಿಷ್ಟು ಸುರಿದು ಕಳಿಸಿದರೆ ಕೆಲಸ ಆದಂತಲ್ಲ. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ 3 ಮಿಲಿಮೀಟರ್‌ಗೆ ಸವೆದಿದ್ದರೆ ಅದನ್ನೂ ಬದಲಿಸಿ.

ಇಳಿಯುವಾಗ, ಯಾವ ಗೇರಿನಲ್ಲಿ ಏರುತ್ತಿದ್ದಿರೋ ಅದೇ ಗೇರು: ಕಡಿದಾದಲ್ಲಿ ಎರಡನೆಯದು, ಉಳಿದಲ್ಲಿ ಮೂರನೆಯದು. ತಿರುವಿಗೆ ಮೊದಲೇ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಕಾಲು ತೆಗೆಯಿರಿ. ಮೆಲ್ಲಗೆ ಒತ್ತಿಕೊಂಡೇ ಇರುವುದಕ್ಕಿಂತ ಇದರಲ್ಲಿ ಬ್ರೇಕಿಗೆ ಆರಲು ಹೊತ್ತು ಸಿಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿ. ಚಕ್ರಕ್ಕೆ ನೀರು ಎರಚಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಗಾಡಿ ಗೇರಿನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ?
– ಓದುಗರು, ಜಮಖಂಡಿ

ಉತ್ತರ: ಇಲ್ಲ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲೇಟರ್ ಬಿಟ್ಟರೆ ಎಂಜಿನ್ನಿಗೆ ಇಂಧನವೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನೇ ತಿರುಗಲು ಪೆಟ್ರೋಲ್ ಸುಡುತ್ತದೆ. ಎಂಜಿನ್ ಬಂದ್ ಮಾಡಿ ಇಳಿಸುವುದಂತೂ ಬೇಡವೇ ಬೇಡ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ.

ಪ್ರಶ್ನೆ: ಕಳೆದ ಬೇಸಿಗೆ ಏರಿನಲ್ಲಿ ಬರುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಹೋಗಿತ್ತು. ಮನೆಯ ಬೋರ್ ನೀರು ಹಾಕಿಕೊಂಡು ಓಡಿಸುತ್ತಿದ್ದೇವೆ. ಈ ಸಲ ಹೋಗಬಹುದೇ?
– ಓದುಗರು, ವಿಜಯಪುರ

ಉತ್ತರ: ಆ ನೀರು ತೆಗೆಸಿಯೇ ಹೋಗಿ. ನಿಮ್ಮ ಕಡೆಯ ಬೋರ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಳಿಕೆಗಳ ಒಳಗೂ ಕಟ್ಟುತ್ತದೆ. ರೇಡಿಯೇಟರ್ ತೊಳೆಸಿ, ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಸಮಪಾಲು ಹಾಕಿಸಿ. ಬೆರೆಸಿಯೇ ಮಾರುವ ಕೂಲೆಂಟ್ ಆದರೆ ನೀರು ಬೇಡ.

ರೇಡಿಯೇಟರಿನ ಹೊರಮೈ ಕೂಡ ನೋಡಿ. ತೆಳು ತಗಡಿನ ರೆಕ್ಕೆಗಳ ಸಂದಿನಲ್ಲಿ ಎರೆಮಣ್ಣಿನ ಧೂಳು, ಹುಳ, ಒಣರವದಿ ಸಿಕ್ಕಿಕೊಂಡಿದ್ದರೆ ಎಂಜಿನ್ ಕಡೆಯಿಂದ ಮುಂದಕ್ಕೆ, ಸಣ್ಣ ಧಾರೆಯಲ್ಲಿ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಷರ್ ಬಿಟ್ಟರೆ ರೆಕ್ಕೆ ಮಡಚುತ್ತವೆ. ಬಳಿಕ ಗಾಡಿ ನಿಂತಲ್ಲೇ ಎ.ಸಿ. ಹಾಕಿ, ಫ್ಯಾನ್ ತಿರುಗುತ್ತದೆಯೇ ಖಚಿತಪಡಿಸಿಕೊಳ್ಳಿ. ಏರಿನಲ್ಲಿ ವೇಗ ಕಡಿಮೆ, ಎದುರುಗಾಳಿ ಇರದು. ಎಲ್ಲವೂ ಆ ಫ್ಯಾನಿನ ಮೇಲೆಯೇ ನಿಂತಿರುತ್ತದೆ.

ದಾರಿಯಲ್ಲಿ ಮುಳ್ಳು ನಡು ದಾಟಿದರೆ ಎ.ಸಿ. ಬಂದ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿ. ಸೆಕೆ ಆಗುತ್ತದೆ, ನಿಜ. ಆದರೆ ಹೀಟರ್ ಎಂಜಿನ್ನಿನ ಕಾವನ್ನೇ ಎಳೆದು ಒಳಗೆ ತರುತ್ತದೆ, ಎಂಜಿನ್ ಅಷ್ಟು ತಣ್ಣಗಾಗುತ್ತದೆ. ಕೆಂಪು ಮುಟ್ಟಿತೋ, ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಚ್ಚಬೇಡಿ: ಒಳಗಿನ ನೀರು ಒತ್ತಡದಿಂದಲೇ ಕುದಿಯದೆ ನಿಂತಿರುತ್ತದೆ, ತೆಗೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಬರಿಗೈಯಲ್ಲಿ ಮುಟ್ಟುವಷ್ಟು ಆರಲು ಮುಕ್ಕಾಲು ಗಂಟೆಯಾದರೂ ಬೇಕು.

ಪ್ರಶ್ನೆ: ತಿರುವು ಶುರುವಾದರೆ ಮಗಳಿಗೆ ವಾಂತಿ. ಏನು ಮಾಡಲಿ?
– ಓದುಗರು, ಬಾಗಲಕೋಟೆ

ಉತ್ತರ: ದೇಹ ತಿರುಗುತ್ತಿದೆ ಎಂದು ಒಳಗಿವಿ ಹೇಳುತ್ತದೆ, ಮೊಬೈಲ್ ನೋಡುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ತಕರಾರಿಗೇ ಹೊಟ್ಟೆ ತೊಳಸುವುದು. ಘಾಟಿ ಮುಗಿಯುವವರೆಗೆ ಮೊಬೈಲ್ ತೆಗೆದಿಡಿ. ಹಿಂದಿನ ಸೀಟಿನ ನಡುವೆ, ಬೆಲ್ಟ್ ಕಟ್ಟಿ, ಮುಂದಿನ ದಾರಿ ಕಾಣುವಂತೆ ಕೂರಿಸಿ. ಪೂರಿ, ಭಜಿ ಬೇಡ. ಒಂದು ತಾಸು ಮೊದಲೇ ಸ್ವಲ್ಪ ಮೊಸರನ್ನವೋ ಒಣ ರೊಟ್ಟಿಯೋ ಸಾಕು. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಮಾತ್ರೆಯ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಹೊಟ್ಟೆ ತೊಳಸಿದ ಮೇಲೆ ಕೊಟ್ಟರೆ ಅದು ವಾಂತಿಯಲ್ಲೇ ಹೋಗುತ್ತದೆ, ಘಾಟಿಗೆ ಮುಂಚೆಯೇ ಕೊಡಬೇಕು. ಆ ಮಾತ್ರೆಗಳು ನಿದ್ದೆ ತರುತ್ತವೆ, ಗಾಡಿ ಓಡಿಸುವವರು ನುಂಗಕೂಡದು.

ಪ್ರಶ್ನೆ: ಬಿಸಿಲಿಗೆ ಟಯರ್ ಒಡೆಯುತ್ತದೆಂದು ಹವಾ ಕಡಿಮೆ ಹಾಕಿಸುತ್ತೇವೆ. ಸರಿಯೇ?
– ಓದುಗರು, ಮುಧೋಳ

ಉತ್ತರ: ತಪ್ಪು. ಹವಾ ಕಡಿಮೆಯಿದ್ದರೆ ಟಯರಿನ ಪಕ್ಕೆ ಹೆಚ್ಚು ಬಾಗಿ ಬಾಗಿ ಇನ್ನಷ್ಟು ಕಾಯುತ್ತದೆ, ಒಡೆಯುವುದು ಅದರಿಂದಲೇ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ತುಂಬಿದ ಗಾಡಿಗೆ ಬೇರೆ ಅಂಕಿ ಇದ್ದರೆ ಅಷ್ಟು, ಬೆಳಗಿನ ತಂಪಿನಲ್ಲಿ, ಗಾಡಿ ಓಡಿಸುವ ಮೊದಲೇ ಹಾಕಿಸಿ. ಸ್ಟೆಪ್ನಿಗೂ ಹಾಕಿಸಿ. ಮಧ್ಯಾಹ್ನ ನೋಡಿದರೆ ನಾಲ್ಕೈದು ಪಿ.ಎಸ್.ಐ. (ಹವಾ ಒತ್ತಡದ ಅಳತೆ) ಹೆಚ್ಚು ತೋರಿಸುತ್ತದೆ, ಹಾಗೆಂದು ಹವಾ ಹೊರಬಿಟ್ಟು ಇಳಿಸಬೇಡಿ.