ಬಿಡಿಸಿದವರನ್ನು ಬರಿಗೈಯಲ್ಲಿ ಕಳಿಸಬೇಡಿ

ಪ್ರಿಯ ಸಹೋದರಿಯವರೇ,

ನಿಮ್ಮ ಪತ್ರ ಉದ್ದವಾಗಿದೆ, ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನಿಮ್ಮ ಸಭೆಯ ಯೌವನಸ್ಥರು ಇಂದಿನ ಗುಲಾಮಗಿರಿಯ ಬಗ್ಗೆ ಒಂದು ವಿಡಿಯೊ ನೋಡಿದ್ದಾರೆ. ಹಣ ಕೂಡಿಸಿ ಗುಲಾಮರನ್ನು ಕೊಂಡು ಬಿಡಿಸೋಣ ಎಂದು ಹೊರಟಿದ್ದಾರೆ. ಸಭೆಯ ಹಿರಿಯರೊಬ್ಬರು, "ದಾಸರು ಯಜಮಾನರ ಮಾತು ಕೇಳಬೇಕು ಅಂತ ಪೌಲನೇ ಬರೆದಿದ್ದಾನಲ್ಲ, ನಮಗ್ಯಾಕೆ ಈ ಉಸಾಬರಿ? ನಮ್ಮ ಕೆಲಸ ಸುವಾರ್ತೆ ಸಾರುವುದು" ಎಂದಿದ್ದಾರೆ. ಯಾರ ಮಾತು ಸರಿ ಎಂದು ಕೇಳಿದ್ದೀರಿ.

ಇಬ್ಬರದ್ದೂ ಅಲ್ಲ. ಹಿರಿಯರ ತಪ್ಪು ಜಾಸ್ತಿ ದೊಡ್ಡದು, ಅದನ್ನೇ ಮೊದಲು ನೋಡೋಣ.

ಬೈಬಲ್ಲಿನಲ್ಲಿ ಪೌಲ ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಿಕೆಗಳಲ್ಲಿ ಆ ಮಾತು ಇರುವುದು ನಿಜ. ಆದರೆ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮೊದಲ ಅಧ್ಯಾಯವನ್ನೂ ಓದಬೇಕಲ್ಲ. ಮನುಷ್ಯರನ್ನು ಕದ್ದು ಮಾರುವವರನ್ನು ಅಲ್ಲಿ ಕೊಲೆಗಾರರ, ಸುಳ್ಳುಗಾರರ ಸಾಲಿನಲ್ಲೇ ನಿಲ್ಲಿಸಿದೆ. ವಿಮೋಚನಕಾಂಡದ 21ನೇ ಅಧ್ಯಾಯ ಅಂಥವನಿಗೆ ಮರಣದಂಡನೆ ಎನ್ನುತ್ತದೆ. ಯಜಮಾನನಿಂದ ತಪ್ಪಿಸಿಕೊಂಡು ಬಂದ ದಾಸನನ್ನು ಹಿಂದಕ್ಕೆ ಒಪ್ಪಿಸಬೇಡ ಎನ್ನುತ್ತದೆ ಧರ್ಮೋಪದೇಶಕಾಂಡ. ಇನ್ನು ಫಿಲೆಮೋನನಿಗೆ ಬರೆದ ಪತ್ರಿಕೆ ಒಂದೇ ಪುಟದ್ದು, ಹಿರಿಯರ ಜೊತೆ ಕೂತು ಓದಿ. ಫಿಲೆಮೋನನ ದಾಸನಾಗಿದ್ದ ಒನೇಸಿಮನನ್ನು ಇನ್ನು ದಾಸನಂತೆ ಅಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಪೌಲ ಕೇಳುತ್ತಾನೆ. ಅವನು ನಿನಗೇನಾದರೂ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನು ತೀರಿಸುತ್ತೇನೆ ಎಂದೂ ಬರೆಯುತ್ತಾನೆ. ಸಾಲದ ಹೆಸರಿನಲ್ಲೇ ಜನರನ್ನು ಹಿಡಿದಿಡುವ ಈ ಕಾಲದಲ್ಲಿ ಆ ಸಾಲು ಓದಿ ನೋಡಿ, ಅದರ ತೂಕ ಗೊತ್ತಾಗುತ್ತದೆ.

ಸಭೆಯ ಚರಿತ್ರೆ ಮಾತ್ರ ಇಷ್ಟು ಚೆನ್ನಾಗಿಲ್ಲ. ನಾಲ್ಕನೇ ಶತಮಾನದಲ್ಲೇ ನಿಸ್ಸಾದ ಬಿಷಪ್ ಗ್ರೆಗೊರಿ, ದೇವರ ಸ್ವರೂಪದಲ್ಲಿರುವ ಮನುಷ್ಯನಿಗೆ ಬೆಲೆ ಕಟ್ಟುವವರು ಯಾರು ಎಂದು ಬೋಧಿಸಿದ್ದ. ಅದಾಗಿ ಸಾವಿರ ವರ್ಷಕ್ಕೂ ಹೆಚ್ಚು ಕಾಲದ ಮೇಲೆ, ಕೆರಿಬಿಯನ್ ದ್ವೀಪ ಬಾರ್ಬಡೋಸಿನ ಕಾಡ್ರಿಂಗ್ಟನ್ ಕಬ್ಬಿನ ತೋಟ ಇಂಗ್ಲೆಂಡಿನ ಒಂದು ಮಿಷನ್ ಸಂಸ್ಥೆಯ ಕೈಯಲ್ಲಿತ್ತು. ಅಲ್ಲಿನ ಗುಲಾಮರ ಎದೆಯ ಮೇಲೆ "ಸೊಸೈಟಿ" ಎಂದು ಬರೆ ಹಾಕುತ್ತಿದ್ದರು. ಸುವಾರ್ತೆ ಸಾರುವ ಸೊಸೈಟಿ ಅದು! ಚರ್ಚ್ ಆಫ್ ಇಂಗ್ಲೆಂಡ್ ಇದಕ್ಕೆ ಕ್ಷಮೆ ಕೇಳಿದ್ದು 2006ರಲ್ಲಿ. "ನಮ್ಮ ಕೆಲಸ ಸುವಾರ್ತೆ" ಎಂದು ಕಣ್ಣು ಮುಚ್ಚಿಕೊಂಡರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಈಗ ಯೌವನಸ್ಥರ ವಿಷಯ. ಅವರ ಮನಸ್ಸು ಒಳ್ಳೆಯದು, ದಾರಿ ತಪ್ಪು. 1990ರ ದಶಕದಲ್ಲಿ ಸುಡಾನಿನ ಯುದ್ಧದ ಸಮಯದಲ್ಲಿ ಇದನ್ನೇ ಮಾಡಿ ನೋಡಿದ್ದಾರೆ. ಕ್ರೈಸ್ತ ಸಂಘಟನೆಗಳು ಹಣ ಕೊಟ್ಟು ಗುಲಾಮರನ್ನು ಬಿಡಿಸಿದವು. ಹಾಗೆ ಮನೆ ಸೇರಿದವರು ನಿಜವಾಗಿ ಇದ್ದರು, ಅವರ ತಾಯಂದಿರ ಎದುರು ನಿಂತು ಇದು ತಪ್ಪು ಎನ್ನುವ ಧೈರ್ಯ ನನಗಿಲ್ಲ. ಆದರೆ ಕೊಳ್ಳುವವರು ಸಿಕ್ಕರೆ ಹಿಡಿದು ತರುವವರಿಗೂ ಹುರುಪು ಬರುತ್ತದೆ ಎಂಬ ಟೀಕೆ ಆಗಲೇ ಎದ್ದಿತು. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯೂನಿಸೆಫ್ ಕೂಡ ವಿರೋಧಿಸಿತು. ನಕಲಿ ಗುಲಾಮರನ್ನು ಸಾಲಾಗಿ ನಿಲ್ಲಿಸಿ ದುಡ್ಡು ಹೊಡೆದರು ಎಂಬ ಆರೋಪವೂ ಬಂತು.

ಅಲ್ಲದೆ ಇಂದು ಹೆಚ್ಚಿನ ಕಡೆ ಕೊಳ್ಳಲು ಸಂತೆಯೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಜೊತೆಗಾರ ಸಂಸ್ಥೆಗಳ ಅಂದಾಜಿನಂತೆ 2021ರಲ್ಲಿ 4.96 ಕೋಟಿ ಜನ ಇಂದಿನ ರೂಪದ ಗುಲಾಮಗಿರಿಯಲ್ಲಿದ್ದರು. ಬಲವಂತದ ದುಡಿಮೆಯಲ್ಲಿ 2.76 ಕೋಟಿ, ಬಲವಂತದ ಮದುವೆಯಲ್ಲಿ 2.2 ಕೋಟಿ. ಬಲವಂತದ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮೇಲ್ಮಧ್ಯಮ ಮತ್ತು ಶ್ರೀಮಂತ ದೇಶಗಳಲ್ಲೇ. ಅಲ್ಲಿ ಸಂಕೋಲೆ ಕಾಣುವುದಿಲ್ಲ. ಕೆಲಸ ಕೊಡಿಸಲು ಏಜೆಂಟನಿಗೆ ಕೊಡಲೆಂದು ಮಾಡಿದ ಸಾಲ ಇರುತ್ತದೆ. ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿರುತ್ತದೆ. ಸಂಬಳದಲ್ಲಿ ಊಟ, ವಸತಿ ಅಂತ ಮುರಿದುಕೊಂಡು ಸಾಲ ಬೆಳೆಯುತ್ತಲೇ ಹೋಗುತ್ತದೆ. ಓಡಿಹೋದರೆ ಊರಲ್ಲಿರುವ ಮಗಳಿಗೆ ಏನಾದರೂ ಆದೀತು ಎಂಬ ಬೆದರಿಕೆ ಬೇರೆ. ಬಾಗಿಲು ತೆರೆದೇ ಇರುತ್ತದೆ, ಆದರೂ ಹೊರಡಲು ಆಗುವುದಿಲ್ಲ.

ಯೌವನಸ್ಥರಿಗೆ ಯೆರೆಮೀಯನ 34ನೇ ಅಧ್ಯಾಯ ಓದಿಸಿ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿತ್ತು. ಅರಸ ಚಿದ್ಕೀಯ ಜನರ ಜೊತೆ ಒಡಂಬಡಿಕೆ ಮಾಡಿಕೊಂಡ, ಎಲ್ಲರೂ ತಮ್ಮ ದಾಸದಾಸಿಯರನ್ನು ಬಿಟ್ಟುಬಿಟ್ಟರು. ಸೈನ್ಯ ಸ್ವಲ್ಪ ಹಿಂದೆ ಸರಿಯಿತು ನೋಡಿ, ಬಿಟ್ಟವರನ್ನೇ ಮತ್ತೆ ಹಿಡಿದು ತಂದರು. ದೇವರ ಕೋಪ ಅಲ್ಲಿ ಸುಮ್ನೆ ಉರಿಯಲಿಲ್ಲ. ಇಂದು ಬಿಡುಗಡೆಯಾದವರಿಗೂ ಇದೇ ಗತಿ ಆಗುತ್ತದೆ, ಸೈನ್ಯದ ಬದಲು ಹಸಿವು ಸಾಕು. ಕೈಯಲ್ಲಿ ಕಾಸಿಲ್ಲ, ಕಾಗದಪತ್ರ ಇಲ್ಲ, ಸಾಲ ತೀರಿಲ್ಲ. ಕೆಲವೇ ತಿಂಗಳಲ್ಲಿ ಅದೇ ಏಜೆಂಟನ ಮುಂದೆ ನಿಂತಿರುತ್ತಾರೆ.

ಇದಕ್ಕೇ ಧರ್ಮೋಪದೇಶಕಾಂಡದ 15ನೇ ಅಧ್ಯಾಯ, ದಾಸನನ್ನು ಬಿಟ್ಟು ಕಳಿಸುವಾಗ ಬರಿಗೈಯಲ್ಲಿ ಕಳಿಸಬೇಡ ಎನ್ನುವುದು. ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ತೊಟ್ಟಿಯಿಂದ ಧಾರಾಳವಾಗಿ ಕೊಡಬೇಕು. 1833ರಲ್ಲಿ ಬ್ರಿಟನ್ ಗುಲಾಮಗಿರಿ ರದ್ದು ಮಾಡಿದಾಗ ಆದದ್ದು ಇದರ ತಲೆಕೆಳಗು. ಎರಡು ಕೋಟಿ ಪೌಂಡ್ ಪರಿಹಾರ ಹೋದದ್ದು ಮಾಲೀಕರಿಗೆ, ಆ ಮಿಷನ್ ಸಂಸ್ಥೆಗೂ ಪಾಲು ಸಿಕ್ಕಿತು. ಗುಲಾಮರಾಗಿದ್ದವರಿಗೆ ಒಂದು ಪೆನ್ನಿಯೂ ಇಲ್ಲ. ಬದಲಿಗೆ ತರಬೇತಿ ಎಂಬ ಹೆಸರಿನಲ್ಲಿ 1838ರವರೆಗೆ ಹಳೇ ಧಣಿಗಳ ಕೈಕೆಳಗೇ ದುಡಿಯಬೇಕಾಯಿತು.

ಆದ್ದರಿಂದ ನೀವು ಕೂಡಿಸುವ ಹಣ ಬಿಡುಗಡೆಯ ನಂತರದ ದಿನಗಳಿಗೆ ಹೋಗಲಿ. ತಂಗಲು ಜಾಗ, ವಕೀಲರು, ವೈದ್ಯರು, ಕೆಲಸ ಕಲಿಯುವ ಖರ್ಚು. ಈ ಕೆಲಸ ಮಾಡುವ ನಂಬಿಕಸ್ಥ ಸಂಸ್ಥೆಗೆ ಕೊಡುವಾಗ ಎಷ್ಟು ಜನರನ್ನು ಬಿಡಿಸಿದಿರಿ ಎಂದಷ್ಟೇ ಕೇಳಬೇಡಿ. ಎರಡು ವರ್ಷದ ಹಿಂದೆ ಬಿಡಿಸಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಸಂಸ್ಥೆ ನೋಡಿ. ಬಿಡುಗಡೆಯಾದವರನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸುವುದು, ದೀಕ್ಷಾಸ್ನಾನದ ಆಸೆಯಿಂದ ಸಹಾಯ ಮಾಡುವುದು, ಇವೆರಡೂ ಬೇಡವೇ ಬೇಡ.

ಎಲ್ಲಾದರೂ ಅನುಮಾನ ಬಂದರೆ ಹುಡುಗರು ತಾವೇ ಬಾಗಿಲು ಒಡೆಯಲು ಹೋಗಬಾರದು. ಫೋಟೊ ತೆಗೆದು ಎಲ್ಲರಿಗೂ ಕಳಿಸುವುದೂ ಬೇಡ. ಮಾಲೀಕನಿಗೆ ಸುಳಿವು ಸಿಕ್ಕರೆ ರಾತ್ರೋರಾತ್ರಿ ಜನರನ್ನು ಬೇರೆಡೆಗೆ ಸಾಗಿಸುತ್ತಾನೆ. ಕಂಡದ್ದನ್ನು ಬರೆದಿಟ್ಟುಕೊಂಡು ಪೊಲೀಸರಿಗೋ ಸಹಾಯವಾಣಿಗೋ ಕಾರ್ಮಿಕ ಇಲಾಖೆಗೋ ತಿಳಿಸಿ.

ಪ್ರಾರ್ಥನೆಗೆ ಯಾವ ದಿನ ಎಂದೂ ಕೇಳಿದ್ದೀರಿ. ಕಥೋಲಿಕ ಸಭೆ ಫೆಬ್ರವರಿ 8ನ್ನು ಇದಕ್ಕಾಗಿ ಇಟ್ಟುಕೊಂಡಿದೆ, ನೀವೂ ಅದನ್ನೇ ಇಟ್ಟುಕೊಳ್ಳಬಹುದು. ಅಂದು ಜೋಸೆಫಿನ್ ಬಖಿತಾ ಅವರ ನೆನಪಿನ ದಿನ. ಸುಡಾನಿನಲ್ಲಿ ಚಿಕ್ಕ ವಯಸ್ಸಿನಲ್ಲೇ ಕದ್ದೊಯ್ದು ಹಲವು ಸಲ ಮಾರಲಾದ ಹುಡುಗಿ ಆಕೆ. ಇಟಲಿಯಲ್ಲಿದ್ದಾಗ ಒಡತಿ ಆಫ್ರಿಕಕ್ಕೆ ಹೊರಡಿಸಲು ಬಂದಳು, ಬಖಿತಾ ಬರುವುದಿಲ್ಲ ಎಂದಳು. ವೆನಿಸಿನ ಸಂನ್ಯಾಸಿನಿಯರು ಆಕೆಯ ಬೆನ್ನಿಗೆ ನಿಂತರು. ವಿಷಯ ಅಧಿಕಾರಿಗಳವರೆಗೆ ಹೋಗಿ, 1889ರಲ್ಲಿ ಆಕೆ ಸ್ವತಂತ್ರಳು ಎಂದು ತೀರ್ಮಾನವಾಯಿತು. ಆ ಬಿಡುಗಡೆಗಾಗಿ ಯಾರೂ ಆಕೆಯನ್ನು ಕೊಳ್ಳಲಿಲ್ಲ, ಗಮನಿಸಿ. ಆಕೆಯ "ಇಲ್ಲ" ಎಂಬ ಮಾತನ್ನು ನಂಬಿದರು, ಇರಲು ಜಾಗ ಕೊಟ್ಟರು, ಕಾನೂನಿನ ಮುಂದೆ ಜೊತೆಗಿದ್ದರು.

ಕೊನೆಗೆ ಆ ಹಿರಿಯರ ವಿಷಯ. ಅವರನ್ನು ದೂರ ಇಡಬೇಡಿ, ಒಂದು ಕೆಲಸ ಒಪ್ಪಿಸಿ. ಸಭೆಯ ಕಟ್ಟಡಕ್ಕೋ ಸ್ವಚ್ಛತೆಗೋ ಕಂಟ್ರಾಕ್ಟರ್ ಇದ್ದೇ ಇರುತ್ತಾನೆ, ಅಲ್ವಾ? ಕೆಲಸಗಾರರ ಸಂಬಳ ಅವರ ಕೈಗೇ ಸೇರುತ್ತಿದೆಯೇ, ಕಾಗದಪತ್ರ ಅವರ ಹತ್ತಿರವೇ ಇದೆಯೇ, ಈ ಕೆಲಸಕ್ಕಾಗಿ ಅವರು ಯಾರಿಗಾದರೂ ದುಡ್ಡು ಕೊಟ್ಟಿದ್ದಾರೆಯೇ ಎಂದು ಕೇಳಿ ಬರಲಿ. ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯವನ್ನು, ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುವ ಆ ಭಾಗವನ್ನು, ಹೊರಡುವ ಮೊದಲು ಓದಿಕೊಳ್ಳಲಿ. ಹುಡುಗರು ಹೋಗಿ ಕೇಳಿದರೆ ಕಂಟ್ರಾಕ್ಟರ್ ನಕ್ಕು ಕಳಿಸುತ್ತಾನೆ, ಹಿರಿಯರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಸಂಪಾದಕ