ಬೆಟ್ಟದೂರಿನ ಖಾಲಿ ಸೈಟು: ಸಿಂಧನೂರಿನ ತಮ್ಮನಿಗೆ

ತಮ್ಮಾ, ಸಿಡ್ನಿಗೆ ಬಂದು ಎಂಟು ತಿಂಗಳಾಯಿತು, ಬ್ಲೂ ಮೌಂಟನ್ಸ್‌ನ ಹಳ್ಳಿಯೊಂದರಲ್ಲಿ ಖಾಲಿ ಸೈಟು ಅಗ್ಗಕ್ಕೆ ಸಿಗ್ತಿದೆ, ಸಿಂಧನೂರಿನ ಎರಡೆಕರೆ ಗದ್ದೆ ಮಾರಿ ಅಪ್ಪ ದುಡ್ಡು ಕಳಿಸ್ತಾರೆ, ಟೈಟಲ್ ಹೇಗೆ ನೋಡೋದು ಅಂತ ಕೇಳಿದ್ದೀಯ.

ಟೈಟಲ್ ಚಿಂತೆ ಬಿಡು. ನಮ್ಮಲ್ಲಿ ಪಹಣಿ, ಮ್ಯುಟೇಶನ್, 30 ವರ್ಷದ ಇ.ಸಿ. ಎಲ್ಲಾ ತೆಗೆಸಿದರೂ ಯಾವನೋ ದಾಯಾದಿ ಕೋರ್ಟಿಗೆ ಹೋದಾನೆಂಬ ಭಯ ಇದ್ದೇ ಇರುತ್ತೆ. ಇಲ್ಲಿ ಟೊರೆನ್ಸ್ ಪದ್ಧತಿ. ರಿಜಿಸ್ಟರಿನಲ್ಲಿ ಹೆಸರಿದ್ದವರೇ ಒಡೆಯರು, ಅದಕ್ಕೆ ಸರ್ಕಾರದ್ದೇ ಖಾತ್ರಿ. ಇಲ್ಲಿ ಸಿಕ್ಕಿಬೀಳೋದು ಬೇರೆ ಕಡೆ. ಜಾಗ ನಿನ್ನದಾಗುತ್ತೆ, ಮನೆ ಕಟ್ಟೋಕೆ ಅನುಮತಿ ಸಿಗೋದಿಲ್ಲ.

ಅದಕ್ಕೇ ಮೊದಲು 10.7 ಪ್ಲಾನಿಂಗ್ ಸರ್ಟಿಫಿಕೇಟ್ ಓದು, ಅಂದರೆ ಆ ಜಾಗ ಯಾವ ವಲಯ, ಅದಕ್ಕೆ ಏನೇನು ನಿರ್ಬಂಧ ಅಂತ ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ ಪತ್ರ. ಕಾಂಟ್ರಾಕ್ಟಿನ ಜೊತೆ ಸಾಮಾನ್ಯವಾಗಿ (2)ನೇ ಉಪವಿಧಿಯದ್ದು ಮಾತ್ರ ಇರುತ್ತೆ. ಹೆಚ್ಚಿನ ವಿವರ ಇರುವ (5)ರದ್ದನ್ನೂ ಕೌನ್ಸಿಲ್‌ನಿಂದ ದುಡ್ಡು ಕಟ್ಟಿ ತರಿಸು. ವಲಯ ಸಿ2 ಅಂತಿದ್ದರೆ ಅಲ್ಲಿಗೇ ಬಿಡು, ಅದು ಪರಿಸರ ಸಂರಕ್ಷಣೆಗೆ ಇಟ್ಟ ಜಾಗ. ಬೇರೆ ವಲಯವಾದರೂ ಆ ಸೈಟಿಗೆ ಮನೆ ಕಟ್ಟುವ ಹಕ್ಕು ಇದೆಯೇ ಅಂತ ಕೌನ್ಸಿಲ್‌ಗೆ ಬರೆದು ಕೇಳು, ಏಜೆಂಟನ ಬಾಯಿಮಾತು ಲೆಕ್ಕಕ್ಕಿಲ್ಲ. ನಕ್ಷೆಯಲ್ಲಿ ಕಾಣುವ ರಸ್ತೆ ನೆಲದ ಮೇಲೂ ಇದೆಯಾ ಅಂತ ಹೋಗಿ ನೋಡು. ಕಾಗದದಲ್ಲಷ್ಟೇ ಇರುವ ರಸ್ತೆಗಳು ಬೆಟ್ಟದಲ್ಲಿ ಬಹಳ.

ಆಮೇಲೆ ಬೆಂಕಿ. 2013ರ ಅಕ್ಟೋಬರ್‌ನಲ್ಲಿ ಅದೇ ಬೆಟ್ಟದ ವಿನ್ಮಲೀ, ಸ್ಪ್ರಿಂಗ್‌ವುಡ್ ಕಡೆ ಸುಮಾರು 200 ಮನೆ ಸುಟ್ಟುಹೋದವು. ಕಾಡ್ಗಿಚ್ಚಿನ ಅಪಾಯ ಎಷ್ಟು ಅಂತ ಪ್ರತಿ ಸೈಟಿಗೂ 'ಬಾಲ್' (ಬುಷ್‌ಫೈರ್ ಅಟ್ಯಾಕ್ ಲೆವೆಲ್) ದರ್ಜೆ ಕಟ್ಟುತ್ತಾರೆ, ಕಡಿಮೆಯಿಂದ ಹೆಚ್ಚಿಗೆ: ಲೋ, 12.5, 19, 29, 40, ಕೊನೆಗೆ ಫ್ಲೇಮ್ ಝೋನ್. ನೋಟ ಚೆನ್ನಾಗಿದೆ ಅಂತ ತೋರಿಸುವ ದಿಣ್ಣೆಯಂಚಿನ ಸೈಟೇ ಇದರಲ್ಲಿ ಕೆಟ್ಟದ್ದು, ಯಾಕೆಂದರೆ ಏರು 10 ಡಿಗ್ರಿ ಹೆಚ್ಚಿದಂತೆಲ್ಲ ಮೇಲೇರುವ ಬೆಂಕಿಯ ವೇಗ ಇಮ್ಮಡಿಯಾಗುತ್ತೆ. ಪಕ್ಕದಲ್ಲೇ ನ್ಯಾಷನಲ್ ಪಾರ್ಕ್ ಇದ್ದರೆ ಅಲ್ಲಿನ ಮರ ನೀನು ಕಡಿಯೋ ಹಾಗಿಲ್ಲ. ಬೆಂಕಿ ಮನೆಗೆ ತಾಗದಂತೆ ಬಯಲು ಬಿಡಬೇಕಾದದ್ದು ನಿನ್ನ ಸೈಟಿನಲ್ಲೇ. 40 ಅಥವಾ ಫ್ಲೇಮ್ ಝೋನ್ ಬಂತೆಂದರೆ ಕಿಟಕಿ, ಬಾಗಿಲು, ಚಾವಣಿ ಎಲ್ಲದರ ಖರ್ಚೂ ಏರಿ, ಜಾಗದಲ್ಲಿ ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತೆ.

ಒಳಚರಂಡಿ ಇಲ್ಲದಿದ್ದರೆ ಇನ್ನೊಂದು ಪೇಚು. ಅಲ್ಲಿ ತೆಳು ಮಣ್ಣು, ಕೆಳಗೆ ಮರಳುಗಲ್ಲು. ಕೊಳಚೆ ನೀರು ಇಂಗಲು ಜಾಗ ಸಾಲದು ಅಂತ ಅರ್ಜಿ ತಳ್ಳಿಹಾಕಬಹುದು. ಮಣ್ಣು ಪರೀಕ್ಷೆಯನ್ನು ಸಹಿಗೆ ಮುಂಚೆಯೇ ಮಾಡಿಸು.

ಸಹಿ ಹಾಕಿದ ಕಾಂಟ್ರಾಕ್ಟ್ ಪ್ರತಿಗಳನ್ನು ಇಬ್ಬರೂ ವಿನಿಮಯ ಮಾಡಿಕೊಂಡ ಮೇಲೆ 5 ಕೆಲಸದ ದಿನದೊಳಗೆ ಹಿಂದೆ ಸರಿದರೆ ಬೆಲೆಯ 0.25% ಮಾತ್ರ ಹೋಗುತ್ತೆ. ಹರಾಜಿನಲ್ಲಿ ಕೂಗಿ ಹಿಡಿದರೆ ಆ ಅವಕಾಶವಿಲ್ಲ. ವಕೀಲರಿಂದ 66ಡಬ್ಲ್ಯೂ ಪತ್ರ (ಹಿಂದೆ ಸರಿಯುವ ಹಕ್ಕು ಬಿಟ್ಟುಕೊಡುವ ಪತ್ರ) ಕೊಡಿಸು ಅಂತ ಏಜೆಂಟ್ ಒತ್ತಾಯಿಸಿದರೆ ಒಪ್ಪಬೇಡ, ಆ 5 ದಿನವೂ ಹೋಗುತ್ತೆ. ಅವಧಿ ಮುಗಿದು ಕೈಕೊಟ್ಟರೆ 10% ಮುಂಗಡ ಮುಳುಗಿತು.

ನಿನ್ನದು ತಾತ್ಕಾಲಿಕ ವೀಸಾ. ವಿದೇಶಿ ಹೂಡಿಕೆ ಅನುಮತಿ ಬೇಕು, ಅದಕ್ಕೆ ಶುಲ್ಕ ಬೇರೆ, 4 ವರ್ಷದೊಳಗೆ ಮನೆ ಕಟ್ಟಿ ಮುಗಿಸಬೇಕು. ಮೇಲೆ ನ್ಯೂ ಸೌತ್ ವೇಲ್ಸ್‌ನ ಹೆಚ್ಚುವರಿ ಸ್ಟಾಂಪ್ ಡ್ಯೂಟಿ 9%: 2 ಲಕ್ಷ ಡಾಲರ್ ಸೈಟಿಗೆ 18,000 ಡಾಲರ್. ಪಿ.ಆರ್. (ಕಾಯಂ ವಾಸದ ಅನುಮತಿ) ಆದಮೇಲೆ, ಹಿಂದಿನ 12 ತಿಂಗಳಲ್ಲಿ 200 ದಿನ ಇಲ್ಲೇ ಇದ್ದರೆ, ಇದು ಬೀಳೋದಿಲ್ಲ. ಕಾಯುವುದೇ ಒಳ್ಳೆಯದು.

ಅಪ್ಪನಿಗೂ ಹೇಳು, ಗದ್ದೆ ಮಾರಲು ಈಗಲೇ ಅಗ್ರಿಮೆಂಟ್ ಮಾಡಿಕೊಳ್ಳೋದು ಬೇಡ. ಅವರು ವರ್ಷಕ್ಕೆ 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು, ಅದು ಮುಂದೆಯೂ ಆಗುವ ಕೆಲಸ. ಎಡದಂಡೆ ಕಾಲುವೆಯ ಗದ್ದೆ ಮಾತ್ರ ಒಮ್ಮೆ ಹೋದರೆ, ಎನ್‌ಆರ್‌ಐ ಆದ ನಿನಗೆ ಕೃಷಿ ಭೂಮಿ ಮತ್ತೆ ಕೊಳ್ಳಲು ಬರೋದಿಲ್ಲ. ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು.