ಒಲಿಂಪಿಕ್ ಪದಕವೇ ಇಲ್ಲದ ಅಂಗೋಲಾ ಬಾಸ್ಕೆಟ್‌ಬಾಲ್ ತಂಡವನ್ನು ನೋಡೋಕೆ ಹೋಗಬೇಕಾ?

ಕೆಲಸಕ್ಕೆ ಅಂತ ಅಂಗೋಲಾದ ರಾಜಧಾನಿ ಲುವಾಂಡಾಕ್ಕೆ ಬಂದಿದ್ದೀರಿ. ಬಾಸ್ಕೆಟ್‌ಬಾಲ್ ಹುಚ್ಚಿದೆ. ಆದರೆ ಅಂಗೋಲಾದ ಗಂಡಸರ ತಂಡಕ್ಕೆ ಒಂದು ಒಲಿಂಪಿಕ್ ಪದಕವೂ ಇಲ್ಲವಲ್ಲ, ದಕ್ಷಿಣ ಸುಡಾನನ್ನೇ ಬೆಂಬಲಿಸಲಾ ಅಂತ ಕೇಳಿದ್ದೀರಿ. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಅದರಿಂದ 2025ರ ಆಫ್ರೋಬಾಸ್ಕೆಟ್ (ಆಫ್ರಿಕಾ ದೇಶಗಳ ಬಾಸ್ಕೆಟ್‌ಬಾಲ್ ಟೂರ್ನಿ) ಫೈನಲ್ ಕಳೆದುಕೊಂಡೆ.

ಟೂರ್ನಿ ಇಲ್ಲೇ ಇತ್ತು. ಆಫೀಸಿನ ಗೆಳೆಯರೊಬ್ಬರು ಶುರುವಿನಲ್ಲೇ ಹೇಳಿದರು, ಫೈನಲ್‌ಗೆ ಟಿಕೆಟ್ ತೆಗೆದಿಡೋಣ, ನಮ್ಮವರು ಬಂದೇ ಬರುತ್ತಾರೆ ಅಂತ. ನಾನು ಫೋನಿನಲ್ಲಿ ಹಳೆಯ ಫಲಿತಾಂಶ ತೆಗೆದು ನೋಡಿದೆ. ಅಂಗೋಲಾದ ಕೊನೆಯ ಕಪ್ 2013ರದ್ದು. 2015ರ ಫೈನಲ್‌ನಲ್ಲಿ ನೈಜೀರಿಯಾ ಎದುರು ಸೋಲು. 2023ರ ವಿಶ್ವಕಪ್‌ನಲ್ಲಿ ದಕ್ಷಿಣ ಸುಡಾನ್ ಇವರನ್ನು 101-78ರಿಂದ ಸೋಲಿಸಿ, ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋಗಿತ್ತು. ಇವರ ಕಾಲ ಮುಗೀತು ಅಂದುಕೊಂಡು ಟಿಕೆಟ್ ಬೇಡ ಅಂದೆ.

ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳುತ್ತೇನೆ, ನೀವು ಎಡವಬಾರದು. ನಾನು ಓದಿದ್ದು ಈಚಿನ ವರ್ಷಗಳನ್ನು ಮಾತ್ರ. ಹಿಂದಕ್ಕೆ ಹೋಗಲಿಲ್ಲ. 1989ರಿಂದ 2013ರವರೆಗೆ ನಡೆದ 13 ಆಫ್ರಿಕಾ ಟೂರ್ನಿಗಳಲ್ಲಿ 11 ಕಪ್ ಇವರದ್ದೇ. ಕೈತಪ್ಪಿದ್ದು 1997ರಲ್ಲಿ, 2011ರಲ್ಲಿ, ಅಷ್ಟೇ. ಇದನ್ನಾದರೂ ಬಿಡಿ. ಪಂದ್ಯ ಯಾವ ಊರಲ್ಲಿ ನಡೆಯಿತು ಅನ್ನೋದನ್ನೇ ನಾನು ನೋಡಲಿಲ್ಲ! 1989, 1999, 2007ರಲ್ಲಿ ಟೂರ್ನಿ ಅಂಗೋಲಾದಲ್ಲಿ ನಡೆದಿತ್ತು. ಮೂರು ಸಲವೂ ಕಪ್ ಇಲ್ಲೇ ಉಳಿಯಿತು. ನಾನು 2023ರ ವಿಶ್ವಕಪ್‌ನಲ್ಲಿ ಮನಿಲಾದಲ್ಲಾದ ಒಂದು ಸೋಲನ್ನು ಹಿಡಿದುಕೊಂಡು ಲುವಾಂಡಾದ ಪಂದ್ಯದ ಭವಿಷ್ಯ ಹೇಳಿದೆ. ಸ್ಕೋರ್ ಓದಿದೆ, ಜಾಗ ಓದಲಿಲ್ಲ.

ಆಗಸ್ಟ್ 24, ಕಿಲಾಂಬಾ ಅರೇನಾ. ಅಂಗೋಲಾ 70, ಮಾಲಿ 43. ಫೈನಲ್‌ನಲ್ಲಿ ಎದುರಾಳಿಯನ್ನು 43ಕ್ಕೆ ಕಟ್ಟಿಹಾಕೋದು ಅಂದರೆ ಎಂಥ ಡಿಫೆನ್ಸ್ ಇರಬೇಕು ಯೋಚಿಸಿ. ಟೂರ್ನಿಯ ಶ್ರೇಷ್ಠ ಆಟಗಾರ ಶಿಲ್ಡೆ ದುಂಡಾಂವ್, ಆರಡಿಯೂ ಇಲ್ಲದ ಗಾರ್ಡ್. 12ನೇ ಕಪ್. ಅದೇ ಊರಲ್ಲಿದ್ದುಕೊಂಡು ನಾನು ಟಿವಿಯಲ್ಲಿ ನೋಡಿದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ಪದಕದ ಮಾತು. ಆ ಅಳತೆಯೇ ಸರಿಯಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಆಫ್ರಿಕಾದ ಯಾವ ಗಂಡಸರ ತಂಡಕ್ಕೂ ಒಲಿಂಪಿಕ್ ಪದಕ ಸಿಕ್ಕಿಲ್ಲ, ದಕ್ಷಿಣ ಸುಡಾನ್‌ಗೂ ಇಲ್ಲ. ಅಂಗೋಲಾ 1992ರಿಂದ 2008ರವರೆಗೆ ಸತತ ಐದು ಒಲಿಂಪಿಕ್ಸ್ ಆಡಿದೆ. ಅದರಲ್ಲಿ ಮೊದಲ ಮೂರರ ಹೊತ್ತಿಗೆ ದೇಶದ ಅಂತರ್ಯುದ್ಧ ಇನ್ನೂ ಮುಗಿದಿರಲಿಲ್ಲ, ಮುಗಿದಿದ್ದು 2002ರಲ್ಲಿ. 1992ರಲ್ಲಿ ಬಾರ್ಸಿಲೋನಾದಲ್ಲಿ ಅಮೆರಿಕದ ಡ್ರೀಮ್ ಟೀಮ್ (ದೊಡ್ಡ ದೊಡ್ಡ ಎನ್‌ಬಿಎ ತಾರೆಯರ ತಂಡ) ಎದುರು 116-48ರಿಂದ ಸೋತರು, ಎಲ್ಲರಿಗೂ ನೆನಪಿರೋದು ಅದೇ. ಅದೇ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಸ್ಪೇನ್ ತಂಡವನ್ನು ಅದರ ಜನರ ಮುಂದೆಯೇ 83-63ರಿಂದ ಸೋಲಿಸಿದ್ದೂ ಇವರೇ. 2006ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜರ್ಮನಿಯನ್ನು ಮೂರು ಓವರ್‌ಟೈಮ್‌ವರೆಗೆ ಎಳೆದರು. ಜರ್ಮನಿಯ ತಾರೆ ನೊವಿಟ್ಸ್ಕಿ 47 ಅಂಕ ಹೊಡೆದ ಮೇಲೂ ಜರ್ಮನಿ ಗೆದ್ದಿದ್ದು 108-103ರಿಂದ. ಈ ಪಂದ್ಯಗಳನ್ನು ಪದಕಪಟ್ಟಿಯಲ್ಲಿ ಹುಡುಕಿದರೆ ಸಿಗೋದಿಲ್ಲ.

ದಕ್ಷಿಣ ಸುಡಾನನ್ನೂ ಇಷ್ಟಪಡಿ, ಯಾರು ಬೇಡ ಅಂತಾರೆ? 2024ರಲ್ಲಿ ಲಂಡನ್‌ನ ಅಭ್ಯಾಸ ಪಂದ್ಯದಲ್ಲಿ ಅಮೆರಿಕಕ್ಕೆ ಒಂದೇ ಅಂಕದಿಂದ ಸೋತ ಆ ತಂಡ ನನಗೂ ಅಚ್ಚುಮೆಚ್ಚು. ಆದರೆ ಅವರನ್ನು ನೀವು ಬಹುಪಾಲು ಟಿವಿಯಲ್ಲೇ ನೋಡಬೇಕು. ಇವರು ನೀವಿರುವ ಊರಲ್ಲೇ ಇದ್ದಾರೆ. ಮುಂದಿನ ಟೂರ್ನಿಯವರೆಗೆ ಕಾಯುತ್ತಾ ಸುಮ್ನೆ ಕೂರಬೇಡಿ. 2024ರಲ್ಲಿ ಬಾಸ್ಕೆಟ್‌ಬಾಲ್ ಆಫ್ರಿಕಾ ಲೀಗ್ ಗೆದ್ದ ಪೆಟ್ರೊ ಡಿ ಲುವಾಂಡಾ ಇದೇ ಊರಿನ ಕ್ಲಬ್. ಅದಕ್ಕೂ ಇಲ್ಲಿನದೇ ಇನ್ನೊಂದು ಕ್ಲಬ್ ಪ್ರಿಮೇರು ಡಿ ಆಗೋಸ್ಟೊಗೂ ಹಳೆಯ ಜಿದ್ದು. ಆ ಎರಡು ತಂಡಗಳ ಪಂದ್ಯ ಯಾವಾಗ ಅಂತ ನಾಳೆಯೇ ಆಫೀಸಿನಲ್ಲಿ ಯಾರನ್ನಾದರೂ ಕೇಳಿ. ಖಂಡಿತ ನಿಮ್ಮನ್ನೂ ಕರೆದುಕೊಂಡು ಹೋಗುತ್ತಾರೆ.